ಅವಧಿ ಮುಗಿದ ಮಾತ್ರೆ ನುಂಗಬಹುದೇ? ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಮನೆಗಳಲ್ಲಿ ಉಳಿದಿರುವ ಅವಧಿ ಮುಗಿದ ಔಷಧಗಳ ಬಗ್ಗೆ ಸಾರ್ವಜನಿಕರಿಗೆ ಕನ್ನಡದಲ್ಲಿ ಸ್ಪಷ್ಟ ತಿಳಿವಳಿಕೆ ನೀಡುವ ಕುರಿತು.

ಮಾನ್ಯರೇ,

ನಾನು ರಾಯಚೂರು ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಬಳಿಕ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಫಾರ್ಮಸಿ ಅಧಿಕಾರಿಯಾಗಿ ಕೆಲಸ ಮಾಡಿ ನಿವೃತ್ತನಾದವನು. ಔಷಧ ವಿತರಣೆಯ ಕಿಟಕಿಯ ಹಿಂದೆ ಕುಳಿತವರಿಗೆಲ್ಲ ಚಿರಪರಿಚಿತವಾದ ಪ್ರಶ್ನೆಯೊಂದಿದೆ. "ಸರ, ಇದರದು ಡೇಟ್ ಮುಗದದ, ಆದ್ರ ಗುಳಿಗಿ ನೋಡಾಕ ಚೊಲೋನ ಅದಾವ, ತಗೊಂಡ್ರ ಏನರ ಆಗ್ತದೇನ್ರಿ?" ಕೇಳುವವರು ಅಜ್ಞಾನಿಗಳಲ್ಲ. ದುಡ್ಡು ಕೊಟ್ಟು ತಂದ ಮಾತ್ರೆ, ಅರ್ಧ ಸ್ಟ್ರಿಪ್ ಹಾಗೆಯೇ ಉಳಿದಿದೆ, ಬಣ್ಣ ಕೆಟ್ಟಿಲ್ಲ, ಮನೆಯಲ್ಲಿ ಇನ್ನೊಬ್ಬರಿಗೆ ಅದೇ ಜ್ವರ ಬಂದಿದೆ. ಹೀಗಿರುವಾಗ ಕೇಳುವುದು ಸಹಜವೇ. ಇದಕ್ಕೆ ನಾವು ಕೊಡುತ್ತ ಬಂದ ಉತ್ತರ ಒಂದೇ: "ಎಸೆಯಿರಿ." ಆ ಉತ್ತರ ತಪ್ಪಲ್ಲವಾದರೂ ಅದರಿಂದ ಯಾರಿಗೂ ಏನೂ ತಿಳಿದಂತಾಗುವುದಿಲ್ಲ. ತಿಳಿಯದ ಸೂಚನೆಯನ್ನು ಜನ ಕಿಟಕಿಯೆದುರು ತಲೆಯಾಡಿಸಿ ಒಪ್ಪುತ್ತಾರೆ, ಮನೆಗೆ ಹೋಗಿ ತಮಗೆ ತೋಚಿದ್ದನ್ನೇ ಮಾಡುತ್ತಾರೆ. ಕೆಲವರು ಎರಡು ತಿಂಗಳು ಮೀರಿದ ಪ್ಯಾರಾಸಿಟಮಾಲ್ ನುಂಗಿ ವಿಷ ಸೇವಿಸಿದವರಂತೆ ಗಾಬರಿಯಾಗಿ ಆಸ್ಪತ್ರೆಗೆ ಓಡಿ ಬರುತ್ತಾರೆ. ಇನ್ನು ಕೆಲವರು ಯಾವಾಗಲೋ ತೆರೆದ ಕಣ್ಣಿನ ಹನಿಯನ್ನು, ಬಾಟಲಿಯ ಮೇಲೆ ಮುಂದಿನ ವರ್ಷದ ದಿನಾಂಕವಿದೆಯೆಂಬ ಧೈರ್ಯದಲ್ಲಿ, ಮಗುವಿನ ಕಣ್ಣಿಗೆ ಹಾಕುತ್ತಾರೆ. ಇವೆರಡರಲ್ಲಿ ಎರಡನೆಯದೇ ಹೆಚ್ಚು ಅಪಾಯದ ಕೆಲಸ ಎಂಬುದನ್ನು ಜನರಿಗೆ ಹೇಳುವ ಹೊಣೆ ಇಲಾಖೆಯದು ಎಂಬುದೇ ಈ ಪತ್ರದ ಒಟ್ಟು ಅರಿಕೆ.

ಮೊದಲಿಗೆ ಆ ದಿನಾಂಕ ಏನನ್ನು ಹೇಳುತ್ತದೆ ಎಂಬುದನ್ನು ನೋಡೋಣ. ತಯಾರಕರು ಔಷಧವನ್ನು ನಿಗದಿತ ಉಷ್ಣಾಂಶ ಮತ್ತು ತೇವಾಂಶದಲ್ಲಿಟ್ಟು, ತಿಂಗಳುಗಟ್ಟಲೆ ಕಾದು, ನಡುನಡುವೆ ತೆಗೆದು ಪರೀಕ್ಷಿಸುತ್ತಾರೆ. ಇದರ ಜೊತೆಗೆ 40 ಡಿಗ್ರಿ ಉಷ್ಣಾಂಶ ಹಾಗೂ ಶೇ 75ರಷ್ಟು ತೇವಾಂಶದಲ್ಲಿ ಆರು ತಿಂಗಳ ತ್ವರಿತ ಪರೀಕ್ಷೆಯೂ ನಡೆಯುತ್ತದೆ. ಲೇಬಲ್ ಮೇಲೆ ಬರೆದಷ್ಟು ಔಷಧಾಂಶದಲ್ಲಿ ಸಾಮಾನ್ಯವಾಗಿ ಶೇ 90ರಷ್ಟಾದರೂ ಉಳಿದಿರುತ್ತದೆ, ಕೆಟ್ಟ ಅಂಶಗಳು ಮಿತಿ ಮೀರಿರುವುದಿಲ್ಲ ಎಂದು ಎಲ್ಲಿಯವರೆಗೆ ಖಾತ್ರಿ ಕೊಡಬಹುದೋ ಅಲ್ಲಿಯವರೆಗಿನ ದಿನಾಂಕವನ್ನು ಮುದ್ರಿಸುತ್ತಾರೆ. ನಮ್ಮ ಔಷಧ ನಿಯಮಗಳ ಪ್ರಕಾರ ಈ ಅವಧಿ ಸಾಮಾನ್ಯವಾಗಿ ತಯಾರಾದ ದಿನದಿಂದ 60 ತಿಂಗಳನ್ನು ಮೀರುವಂತಿಲ್ಲ. ತಿಂಗಳು ಮತ್ತು ವರ್ಷವನ್ನಷ್ಟೇ ಮುದ್ರಿಸಿದ್ದರೆ ಆ ತಿಂಗಳ ಕೊನೆಯ ದಿನದವರೆಗೂ ಔಷಧ ಬಳಕೆಗೆ ಅರ್ಹ. ಈ ಸಣ್ಣ ಸಂಗತಿ ಗೊತ್ತಿಲ್ಲದೆ ಮೆಡಿಕಲ್ ಶಾಪ್‌ಗಳ ಮುಂದೆ ನಡೆಯುವ ಜಗಳಗಳು ಕಡಿಮೆಯೇನಲ್ಲ. ಅಂದರೆ ಆ ದಿನಾಂಕ ತಯಾರಕರ ಹೊಣೆಯ ಗಡಿ. ಅದರ ಮರುದಿನ ಬೆಳಿಗ್ಗೆ ಮಾತ್ರೆ ವಿಷವಾಗಿ ಮಾರ್ಪಡುವುದಿಲ್ಲ. ಹಾಗೆಯೇ ಆ ಹೊಣೆಗೆ ಒಂದು ಷರತ್ತೂ ಇದೆ. "30 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿ, ಬೆಳಕು ಮತ್ತು ತೇವ ತಾಗದಂತೆ ಇಡಿ" ಎಂದು ಸ್ಟ್ರಿಪ್‌ನ ಹಿಂಬದಿಯಲ್ಲಿ ಇರುವೆ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುವ ಸಾಲೇ ಆ ಷರತ್ತು.

ಅವಧಿ ಮೀರಿದ ಔಷಧಗಳಲ್ಲಿ ಎಷ್ಟು ಸತ್ವ ಉಳಿದಿರುತ್ತದೆ ಎಂಬುದಕ್ಕೆ ಜಗತ್ತಿನಲ್ಲಿ ಲಭ್ಯವಿರುವ ಅತಿ ದೊಡ್ಡ ಪುರಾವೆ ಅಮೆರಿಕದ ಸೇನೆಯ ಔಷಧ ದಾಸ್ತಾನಿನಿಂದ ಬಂದದ್ದು. ಕೋಟ್ಯಂತರ ಡಾಲರ್ ಬೆಲೆಯ ಔಷಧಗಳನ್ನು ಕೆಲವು ವರ್ಷಗಳಿಗೊಮ್ಮೆ ಎಸೆದು ಹೊಸದು ಕೊಳ್ಳಬೇಕಾಗಿ ಬಂದಾಗ, 1986ರಲ್ಲಿ ಅಲ್ಲಿನ ರಕ್ಷಣಾ ಇಲಾಖೆಗಾಗಿ ಆಹಾರ ಮತ್ತು ಔಷಧ ಆಡಳಿತವು ಈ ದಾಸ್ತಾನನ್ನು ಮರುಪರೀಕ್ಷಿಸುವ ಕಾರ್ಯಕ್ರಮವೊಂದನ್ನು ಆರಂಭಿಸಿತು. 2006ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ 122 ಬಗೆಯ ಔಷಧಗಳ 3,005 ಬ್ಯಾಚ್‌ಗಳನ್ನು (ಬ್ಯಾಚ್ ಎಂದರೆ ಒಂದೇ ಸಲಕ್ಕೆ ತಯಾರಾದ ಕಂತು) ಪರೀಕ್ಷಿಸಿದಾಗ ಶೇ 88ರಷ್ಟು ಬ್ಯಾಚ್‌ಗಳ ಅವಧಿಯನ್ನು ಕನಿಷ್ಠ ಒಂದು ವರ್ಷ ವಿಸ್ತರಿಸಬಹುದಾಗಿತ್ತು. ವಿಸ್ತರಣೆಯ ಸರಾಸರಿ 66 ತಿಂಗಳು. 2012ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು, ಅವಧಿ ಮುಗಿದು 28ರಿಂದ 40 ವರ್ಷ ಕಳೆದಿದ್ದ, ತೆರೆಯದೆ ಉಳಿದಿದ್ದ ಹಳೆಯ ಔಷಧಗಳನ್ನು ಪರೀಕ್ಷಿಸಿದಾಗ ಅಳೆಯಲು ಸಾಧ್ಯವಾದ 14 ಔಷಧಾಂಶಗಳ ಪೈಕಿ 12ರಲ್ಲಿ ಶೇ 90ಕ್ಕಿಂತ ಕಡಿಮೆಯಿಲ್ಲದ ಸತ್ವ ಉಳಿದಿತ್ತು. ಆಸ್ಪಿರಿನ್ ಮಾತ್ರ ಬಹುಪಾಲು ಕೆಟ್ಟುಹೋಗಿತ್ತು.

ವಾಟ್ಸ್‌ಆ್ಯಪ್‌ನಲ್ಲಿ ಈ ಅಂಕಿ ಅಂಶಗಳು ಆಗಾಗ ಸುತ್ತುತ್ತವೆ. "ಎಕ್ಸ್‌ಪೈರಿ ಡೇಟ್ ಎಂಬುದು ಕಂಪನಿಗಳ ಮೋಸ" ಎಂಬ ತೀರ್ಮಾನದೊಂದಿಗೇ ಸುತ್ತುತ್ತವೆ. ತಮ್ಮ ಔಷಧ ಇನ್ನೂ ಐದು ವರ್ಷ ಚೆನ್ನಾಗಿರುತ್ತದೆಂದು ಸ್ವಂತ ಖರ್ಚಿನಲ್ಲಿ ಸಾಬೀತುಪಡಿಸಲು ಕಂಪನಿಗಳಿಗೆ ಯಾವ ಆಸಕ್ತಿಯೂ ಇಲ್ಲವೆಂಬುದು ನಿಜ. ಆದರೆ ಸೇನೆಯ ಆ ಔಷಧಗಳು ಕಾರ್ಖಾನೆಯಿಂದ ಬಂದ ಮೂಲ ಪೊಟ್ಟಣದಲ್ಲಿ, ಸೀಲ್ ಒಡೆಯದೆ, ಉಷ್ಣಾಂಶ ನಿಯಂತ್ರಿತ ಉಗ್ರಾಣದಲ್ಲಿದ್ದವು. ಹೀಗಿದ್ದೂ ಒಂದೇ ಔಷಧದ ಒಂದು ಬ್ಯಾಚ್ ವರ್ಷಗಟ್ಟಲೆ ಉಳಿದರೆ ಇನ್ನೊಂದು ಬ್ಯಾಚ್ ಬೇಗನೆ ಕೆಟ್ಟ ಉದಾಹರಣೆಗಳು ಅದೇ ವರದಿಯಲ್ಲಿವೆ. ಆದ್ದರಿಂದಲೇ ಅಲ್ಲಿ ಪ್ರತಿ ಬ್ಯಾಚನ್ನೂ ಮತ್ತೆ ಮತ್ತೆ ಪರೀಕ್ಷಿಸಿದರೇ ಹೊರತು, "ಈ ಔಷಧ ಐದು ವರ್ಷ ಹೆಚ್ಚು ಬಾಳುತ್ತದೆ" ಎಂದು ಒಂದೇ ಸಲ ಷರಾ ಬರೆದು ಮುಗಿಸಲಿಲ್ಲ.

ಇನ್ನು ನಮ್ಮ ಮನೆಗಳನ್ನು ನೋಡಿ. ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಗಳಲ್ಲಿ ಹೊರಗಿನ ಉಷ್ಣಾಂಶ 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ತಗಡಿನ ಛಾವಣಿಯ ಮನೆಯೊಳಗೆ, ಗೋಡೆಗೆ ಹೊಡೆದ ಹಲಗೆಯ ಮೇಲೆ, ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಮಾತ್ರೆಗಳಿರುತ್ತವೆ. ಫ್ರಿಜ್ ಇರುವ ಮನೆಯಲ್ಲಾದರೆ ಆ ಡಬ್ಬಿ ಫ್ರಿಜ್ಜಿನ ನೆತ್ತಿಯ ಮೇಲಿರುತ್ತದೆ. ಅದರ ಹಿಂಬದಿಯಿಂದ ಏಳುವ ಬಿಸಿಗಾಳಿ ನೇರವಾಗಿ ಅಲ್ಲಿಗೇ ಬರುತ್ತದೆಂದು ಯಾರೂ ಯೋಚಿಸಿರುವುದಿಲ್ಲ. ಮಂಗಳೂರು, ಕಾರವಾರಗಳ ಮಳೆಗಾಲದಲ್ಲಿ ಶಾಖಕ್ಕಿಂತ ತೇವದ ಕಾಟ ಹೆಚ್ಚು. ಇಂಥಲ್ಲಿ ಅವಧಿಗೆ ಇನ್ನೂ ಒಂದು ವರ್ಷವಿರುವ ಮಾತ್ರೆಯೂ ತನ್ನ ಸತ್ವವನ್ನು ಕಳೆದುಕೊಂಡಿರಬಹುದು. ಹಾಗಾಗಿ ನಮ್ಮ ಜನ ಕೇಳಬೇಕಾದದ್ದು "ಡೇಟ್ ಮುಗಿದಿದೆಯೇ" ಎಂಬುದನ್ನಷ್ಟೇ ಅಲ್ಲ. ಯಾವ ಔಷಧ, ಯಾವ ಕಾಯಿಲೆಗೆ, ಎಲ್ಲಿ ಇಟ್ಟದ್ದು, ತೆರೆದು ಎಷ್ಟು ದಿನವಾಯಿತು ಎಂಬ ನಾಲ್ಕನ್ನೂ ಕೇಳಬೇಕು.

ಇದು ನಮ್ಮ ಇಲಾಖೆಗೆ ಹೊಸ ವಿಚಾರವೇನಲ್ಲ. ಪಲ್ಸ್ ಪೋಲಿಯೊ ದಿನ ಬೂತಿನಲ್ಲಿ ಕುಳಿತ ಆಶಾ ಕಾರ್ಯಕರ್ತೆಯೂ ಲಸಿಕೆಯ ಬಾಟಲಿಯನ್ನು ಎತ್ತಿ ಹಿಡಿದು, ಅದರ ಮೇಲೆ ಅಂಟಿಸಿದ ವೃತ್ತದೊಳಗಿನ ಸಣ್ಣ ಚೌಕವನ್ನು ನೋಡುತ್ತಾಳೆ. ಶಾಖ ತಗುಲಿದಷ್ಟೂ ಆ ಚೌಕ ಕಪ್ಪಾಗುತ್ತ ಹೋಗುತ್ತದೆ. ಚೌಕದ ಬಣ್ಣ ಸುತ್ತಲಿನ ವೃತ್ತದಷ್ಟೇ ಗಾಢವಾದರೆ, ಬಾಟಲಿಯ ಮೇಲೆ ಮುಂದಿನ ವರ್ಷದ ದಿನಾಂಕವಿದ್ದರೂ ಆ ಲಸಿಕೆಯನ್ನು ಬಳಸುವಂತಿಲ್ಲ. ದಿನಾಂಕಕ್ಕಿಂತ ಶಾಖದ ಲೆಕ್ಕ ಮುಖ್ಯ ಎಂಬ ಈ ಪಾಠವನ್ನು ಹಳ್ಳಿಯ ಕಾರ್ಯಕರ್ತೆಗೆ ಚಿತ್ರ ತೋರಿಸಿ ಕಲಿಸಲು ಸಾಧ್ಯವಾದ ಇಲಾಖೆಗೆ, ಮನೆಯ ಡಬ್ಬಿಯಲ್ಲಿರುವ ಮಾತ್ರೆಯ ಬಗ್ಗೆ ಅದೇ ಪಾಠವನ್ನು ಜನರಿಗೆ ಕಲಿಸುವುದು ಅಸಾಧ್ಯವಾಗಬಾರದು.

ಮೌನವಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಇತ್ತೀಚಿನ ನಿದರ್ಶನವೂ ಇದೆ. ಕೋವ್ಯಾಕ್ಸಿನ್ ಲಸಿಕೆಯ ಬಾಳಿಕೆ ಅವಧಿಯನ್ನು 2021ರ ಅಕ್ಟೋಬರಿನಲ್ಲಿ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯು ಪರೀಕ್ಷೆಯ ದತ್ತಾಂಶ ನೋಡಿ 9 ತಿಂಗಳಿಂದ 12 ತಿಂಗಳಿಗೆ ಏರಿಸಿತು. ನಿರ್ಧಾರ ಶಾಸ್ತ್ರೀಯವಾಗಿಯೇ ಇತ್ತು. ಆದರೆ 2022ರ ಜನವರಿಯಲ್ಲಿ 15ರಿಂದ 18 ವರ್ಷದ ಮಕ್ಕಳಿಗೆ ಲಸಿಕೆ ಆರಂಭವಾದಾಗ ಬಾಟಲಿಯ ಮೇಲಿನ ಹಳೆಯ ದಿನಾಂಕ ನೋಡಿದ ಪೋಷಕರು "ಮಕ್ಕಳಿಗೆ ಡೇಟ್ ಬಾರ್ ಆದ ಲಸಿಕೆ ಹಾಕುತ್ತಿದ್ದಾರೆ" ಎಂದು ಹೌಹಾರಿದರು. ಕೇಂದ್ರ ಆರೋಗ್ಯ ಸಚಿವಾಲಯ ಸ್ಪಷ್ಟೀಕರಣ ಕೊಡಬೇಕಾಯಿತು. ಅವಧಿ ಎಂದರೇನು, ಅದನ್ನು ಯಾರು, ಯಾವ ಆಧಾರದ ಮೇಲೆ ವಿಸ್ತರಿಸಬಹುದು ಎಂಬುದನ್ನು ಮೊದಲೇ ತಿಳಿಸಿದ್ದರೆ ಆ ಗದ್ದಲದ ಬಹುಪಾಲು ಏಳುತ್ತಲೇ ಇರಲಿಲ್ಲ.

ಈಗ ಜನರಿಗೆ ನಿಜವಾಗಿ ಬೇಕಾದ ಭಾಗಕ್ಕೆ ಬರುತ್ತೇನೆ. ಎಲ್ಲ ಔಷಧಗಳಿಗೂ ಒಂದೇ ಉತ್ತರವಿಲ್ಲ. 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಮಾತ್ರೆಯಲ್ಲಿ ಶೇ 10ರಷ್ಟು ಸತ್ವ ಕುಂದಿದರೆ 450 ಮಿಲಿಗ್ರಾಂ ಹೊಟ್ಟೆಗೆ ಹೋಗುತ್ತದೆ. ಜ್ವರ ಸ್ವಲ್ಪ ತಡವಾಗಿ ಇಳಿಯಬಹುದು, ಅಷ್ಟೇ. ಅಂಗಡಿ ಮುಚ್ಚಿದ ಅಪರಾತ್ರಿಯಲ್ಲಿ, ಸೀಲ್ ಒಡೆಯದ ಸ್ಟ್ರಿಪ್‌ನಿಂದ, ಅವಧಿ ಮುಗಿದು ಒಂದೆರಡು ತಿಂಗಳಾದ ಇಂಥ ಮಾತ್ರೆಯನ್ನು ವಯಸ್ಕರೊಬ್ಬರು ತಿಳಿಯದೆ ನುಂಗಿದ್ದರೆ ಗಾಬರಿಯಾಗುವ ಕಾರಣವಿಲ್ಲ. ಬೇಕೆಂದೇ ನುಂಗಿರಿ ಎಂಬ ಸಲಹೆಯಲ್ಲ ಇದು. ಹತ್ತಿಪ್ಪತ್ತು ರೂಪಾಯಿಗೆ ಹೊಸದು ಸಿಗುವಾಗ ಹಳೆಯದಕ್ಕೆ ಅಂಟಿಕೊಳ್ಳುವ ಅಗತ್ಯವೂ ಇಲ್ಲ.

ಆದರೆ ಇದೇ ಲೆಕ್ಕ ಮೂರ್ಛೆರೋಗದ ಫೆನಿಟಾಯಿನ್‌ಗೆ ಹೊಂದುವುದಿಲ್ಲ. ಆ ಔಷಧದ ಪ್ರಮಾಣದಲ್ಲಿ ಸಣ್ಣ ವ್ಯತ್ಯಾಸವಾದರೂ ರಕ್ತದಲ್ಲಿ ಅದರ ಮಟ್ಟ ಅಳತೆ ಮೀರಿ ಏರುಪೇರಾಗುತ್ತದೆ. ಹಿಡಿತದಲ್ಲಿದ್ದ ಫಿಟ್ಸ್ ಮರುಕಳಿಸಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಕೂಡ ಇದೇ ಗುಂಪಿನವು. ಥೈರಾಯ್ಡ್ ಮಾತ್ರೆಯ ಕಥೆ ಇನ್ನೂ ಸೂಕ್ಷ್ಮವಾದದ್ದು. ಲೆವೊಥೈರಾಕ್ಸಿನ್ ಶಾಖ, ಬೆಳಕು, ತೇವ ಮೂರಕ್ಕೂ ಸೋಲುವ ಔಷಧ. ನೂರು ಮಾತ್ರೆಗಳ ಬಾಟಲಿಯಲ್ಲಿ ಬರುವುದರಿಂದ ದಿನವೂ ಮುಚ್ಚಳ ತೆರೆಯುತ್ತ ಮೂರು ತಿಂಗಳು ನಡೆಯುತ್ತದೆ. ಅಡುಗೆಮನೆಯ ಒಲೆಯ ಪಕ್ಕದ ಶೆಲ್ಫಿನಲ್ಲಿಟ್ಟ ಬಾಟಲಿಯಲ್ಲಿ ಸತ್ವ ಕುಂದಿದರೆ ರೋಗಿಗೆ ತಕ್ಷಣ ಏನೂ ಗೊತ್ತಾಗುವುದಿಲ್ಲ. ಮುಂದಿನ ಸಲ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಕೊರತೆಯಾದಾಗ ಹೆಚ್ಚುವ ಹಾರ್ಮೋನ್) ಏರಿರುತ್ತದೆ, ವೈದ್ಯರು ಅದನ್ನು ನೋಡಿ ಡೋಸ್ ಹೆಚ್ಚಿಸುತ್ತಾರೆ, ರೋಗಿ ಹೊಸ ಬಾಟಲಿ ಕೊಂಡು ಪೂರ್ಣ ಸತ್ವದ ಹೆಚ್ಚಿನ ಡೋಸನ್ನೇ ನುಂಗುತ್ತಾರೆ, ಎದೆ ಡವಗುಟ್ಟಲು ಶುರುವಾಗುತ್ತದೆ. ತಪ್ಪು ವೈದ್ಯರದೂ ಅಲ್ಲ, ಔಷಧದ್ದೂ ಅಲ್ಲ. ಬಾಟಲಿ ಎಲ್ಲಿಟ್ಟಿದ್ದೀರಿ ಎಂದು ನಡುವೆ ಯಾರೂ ಕೇಳಿರುವುದಿಲ್ಲ.

ಎದೆನೋವು ಬಂದಾಗ ನಾಲಿಗೆಯಡಿ ಇಡುವ ನೈಟ್ರೊಗ್ಲಿಸರಿನ್ ಮಾತ್ರೆ ಗಾಳಿಗೆ ಆವಿಯಾಗಿ ಹೋಗುವ ಸ್ವಭಾವದ್ದು; ಮೂಲ ಗಾಜಿನ ಬಾಟಲಿಯಿಂದ ತೆಗೆದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಟ್ಟರೆ ಅಗತ್ಯ ಬಿದ್ದ ದಿನ ಅದು ಕೈಕೊಡಬಹುದು. ಇನ್ಸುಲಿನ್ ತೆರೆಯದಿದ್ದಾಗ 2ರಿಂದ 8 ಡಿಗ್ರಿಯಲ್ಲಿ, ಹೆಪ್ಪುಗಟ್ಟದಂತೆ ಇದ್ದರೆ ಮುದ್ರಿತ ದಿನಾಂಕದವರೆಗೆ ಬಾಳುತ್ತದೆ. ಒಮ್ಮೆ ತೆರೆದ ಮೇಲೆ ಹೆಚ್ಚಿನ ಬಗೆಗಳಿಗೆ ನಾಲ್ಕರಿಂದ ಆರು ವಾರವಷ್ಟೇ ಆಯುಸ್ಸು. ಕಣ್ಣಿನ ಹನಿಯ ಬಾಟಲಿಯ ಮೇಲೆ "ತೆರೆದ ಒಂದು ತಿಂಗಳೊಳಗೆ ಬಳಸಿ" ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆ ತಿಂಗಳ ನಂತರದ ತೊಂದರೆ ಸತ್ವ ಕುಂದುವುದಕ್ಕಿಂತ ದೊಡ್ಡದು. ಬಾಟಲಿಯ ಮೂತಿ ರೆಪ್ಪೆಗೆ ತಾಗಿ ತಾಗಿ ಒಳಗೆ ರೋಗಾಣುಗಳು ಬೆಳೆದಿರಬಹುದು. ಮಕ್ಕಳಿಗೆ ಕೊಡುವ ಆ್ಯಂಟಿಬಯೋಟಿಕ್ ಡ್ರೈ ಸಿರಪ್‌ನ ಪುಡಿಗೆ ಕಾಯಿಸಿ ಆರಿಸಿದ ನೀರು ಬೆರೆಸಿದ ಕ್ಷಣದಿಂದ ಅದರ ಮೇಲೆ ಮುದ್ರಿಸಿದ ದಿನಾಂಕಕ್ಕೆ ಅರ್ಥವೇ ಉಳಿಯುವುದಿಲ್ಲ. ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಸಿರಪ್ ಬೆರೆಸಿದ ಮೇಲೆ ಫ್ರಿಜ್ಜಿನಲ್ಲಿಟ್ಟರೂ ಒಂದು ವಾರ ಮಾತ್ರ. ಆದರೂ ಉಳಿದ ಅರ್ಧ ಬಾಟಲಿಯನ್ನು ಮುಂದಿನ ಕೆಮ್ಮಿಗೆಂದು ಎತ್ತಿಡುವ ತಾಯಂದಿರು ಪ್ರತಿ ಊರಿನಲ್ಲೂ ಇದ್ದಾರೆ. ಅವರಿಗೆ ಹೇಳಿದವರು ಯಾರೂ ಇಲ್ಲ. ಓಆರ್‌ಎಸ್ ದ್ರಾವಣಕ್ಕೆ 24 ಗಂಟೆ ಎಂಬುದು ಮಾತ್ರ, ಅಂಗನವಾಡಿಯ ದಯದಿಂದ, ಬಹುತೇಕರಿಗೆ ಗೊತ್ತಿದೆ.

ಹಳೆಯ ಔಷಧ ನೇರವಾಗಿ ವಿಷವಾದ ಉದಾಹರಣೆಗಳೇ ಇಲ್ಲವೇ ಎಂದರೆ, ಇವೆ, ಬಹಳ ವಿರಳ. 1963ರಲ್ಲಿ ಅಮೆರಿಕದಲ್ಲಿ ಕೆಟ್ಟ ಟೆಟ್ರಾಸೈಕ್ಲಿನ್ ಸೇವಿಸಿದವರ ಮೂತ್ರಪಿಂಡಕ್ಕೆ ಧಕ್ಕೆಯಾದದ್ದು ವರದಿಯಾಯಿತು. ಅಂದಿನ ಕ್ಯಾಪ್ಸೂಲುಗಳಲ್ಲಿ ಬಳಸುತ್ತಿದ್ದ ಸಿಟ್ರಿಕ್ ಆಮ್ಲವೂ ಅದಕ್ಕೆ ಕಾರಣವೆಂದು ಗೊತ್ತಾಗಿ ತಯಾರಿಕೆಯ ವಿಧಾನವನ್ನೇ ಬದಲಿಸಲಾಯಿತು. ಇತ್ತೀಚಿನದೆಂದರೆ ಹೊಟ್ಟೆಯುರಿಗೆ ಮನೆಮಾತಾಗಿದ್ದ ರಾನಿಟಿಡಿನ್. ದಿನ ಕಳೆದಂತೆ, ಅದರಲ್ಲೂ ಶಾಖದಲ್ಲಿಟ್ಟಾಗ, ಅದರೊಳಗೆ ಕ್ಯಾನ್ಸರ್‌ಕಾರಕವಾಗಬಹುದಾದ ಎನ್‌ಡಿಎಂಎ ಎಂಬ ಅಂಶ ಹೆಚ್ಚುತ್ತ ಹೋಗುತ್ತದೆಂಬ ಕಾರಣಕ್ಕೆ 2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ಆಡಳಿತವು ಅದನ್ನು ಅಲ್ಲಿನ ಮಾರುಕಟ್ಟೆಯಿಂದ ಹಿಂಪಡೆಯಲು ಸೂಚಿಸಿತು. ಹೀಗಾಗಿ "ಹಳತಾದರೆ ಶಕ್ತಿ ಕಡಿಮೆಯಾಗುತ್ತದೆ, ಬೇರೇನೂ ಆಗುವುದಿಲ್ಲ" ಎಂದು ಎಲ್ಲಕ್ಕೂ ಸೇರಿಸಿ ಹೇಳಿಬಿಡುವ ಧೈರ್ಯ ನನಗಿಲ್ಲ.

ಕಣ್ಣಿಗೆ ಕಾಣುವ ಕೆಲವು ಗುರುತುಗಳನ್ನು ಜನರಿಗೆ ಹೇಳಿಕೊಡಬಹುದು. ಆಸ್ಪಿರಿನ್ ಬಾಟಲಿ ತೆರೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಅದು ಒಡೆದು ಬೇರೆ ಆಮ್ಲಗಳಾಗಿದೆ ಎಂದರ್ಥ. ಕ್ಯಾಪ್ಸೂಲ್ ಒಂದಕ್ಕೊಂದು ಅಂಟಿಕೊಂಡಿದ್ದರೆ, ಮಾತ್ರೆಯ ಮೇಲೆ ಚುಕ್ಕೆ ಬಿದ್ದಿದ್ದರೆ, ಬಣ್ಣವಿಲ್ಲದ ಇಂಜೆಕ್ಷನ್ ಕಂದು ಬಣ್ಣಕ್ಕೆ ತಿರುಗಿದ್ದರೆ ದಿನಾಂಕ ನೋಡುವ ಅಗತ್ಯವೇ ಇಲ್ಲ, ಬಿಸಾಡಬೇಕು. ಆದರೆ ಇದು ಒಂದೇ ದಿಕ್ಕಿನ ಪರೀಕ್ಷೆ ಎಂಬುದನ್ನು ಜೊತೆಗೇ ಹೇಳಬೇಕು: ಕೆಟ್ಟದ್ದು ಕಂಡರೆ ಕೆಟ್ಟಿದೆ ಎನ್ನಬಹುದು, ಕಾಣದಿದ್ದರೆ ಚೆನ್ನಾಗಿದೆ ಎನ್ನಲಾಗದು. ಸತ್ವ ಕುಂದಿದ ಆ್ಯಂಟಿಬಯೋಟಿಕ್ ಹೊರನೋಟಕ್ಕೆ ಹೊಸದರಂತೆಯೇ ಇರುತ್ತದೆ. ನುಂಗಿದರೆ ಸೋಂಕು ಪೂರ್ತಿ ವಾಸಿಯಾಗದೆ, ಉಳಿದ ರೋಗಾಣುಗಳು ಆ ಔಷಧಕ್ಕೆ ಜಗ್ಗದಂತೆ ಬಲಿಯಬಹುದು. ಹಾಗೆ ನೋಡಿದರೆ ಆ್ಯಂಟಿಬಯೋಟಿಕ್ ಮನೆಯಲ್ಲಿ ಉಳಿಯಲೇಬಾರದು. ಉಳಿದಿದೆಯೆಂದರೆ ಕೋರ್ಸ್ ಪೂರ್ತಿಯಾಗಿಲ್ಲ ಅಥವಾ ಅಗತ್ಯಕ್ಕಿಂತ ಹೆಚ್ಚು ಕೊಡಲಾಗಿದೆ.

ಇಷ್ಟೆಲ್ಲ ತಿಳಿದವರಿಗೂ ಒಂದು ಅಡ್ಡಿ ಎದುರಾಗುತ್ತದೆ. ದಿನಾಂಕವೇ ಕಣ್ಣಿಗೆ ಬೀಳುವುದಿಲ್ಲ. ಹತ್ತು ಮಾತ್ರೆಯ ಸ್ಟ್ರಿಪ್‌ನಿಂದ ನಾಲ್ಕನ್ನು ಕತ್ತರಿಸಿ ಕೊಡುವುದು ನಮ್ಮಲ್ಲಿ ರೂಢಿ, ಮತ್ತು ಬಡವರಿಗೆ ಅದು ಅನುಕೂಲವೂ ಹೌದು. ಆದರೆ ಬ್ಯಾಚ್ ನಂಬರ್ ಮತ್ತು ದಿನಾಂಕ ಇರುವುದು ಸ್ಟ್ರಿಪ್‌ನ ಒಂದು ತುದಿಯಲ್ಲಿ. ಆ ತುದಿ ಅಂಗಡಿಯಲ್ಲಿ ಉಳಿಯುತ್ತದೆ, ಇಲ್ಲವೇ ಮೊದಲ ಗಿರಾಕಿಯೊಂದಿಗೇ ಹೊರಟುಹೋಗುತ್ತದೆ. ಉಳಿದ ತುಂಡಿನ ಬೆಳ್ಳಿ ಹಾಳೆಯ ಮೇಲೆ ಹೆಸರಿನ ಅರ್ಧ ಭಾಗ ಕಂಡರೆ ಅದೇ ಹೆಚ್ಚು. ಇಡೀ ಸ್ಟ್ರಿಪ್ ಕೈಗೆ ಬಂದಾಗಲೂ ಎಷ್ಟೋ ಕಂಪನಿಗಳ ದಿನಾಂಕ ಶಾಯಿಯಿಲ್ಲದ ಒತ್ತಚ್ಚಾಗಿರುತ್ತದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಹೆಬ್ಬೆರಳಿನಿಂದ ಸವರಿ ಓದಬೇಕು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಕಾಯುತ್ತಿರುವ ವೃದ್ಧೆಯೊಬ್ಬರು ಅದನ್ನು ಹೇಗೆ ಓದಿಯಾರು? 2023ರ ಆಗಸ್ಟ್ 1ರಿಂದ 300 ಪ್ರಮುಖ ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ, ಅದರೊಳಗೆ ಅವಧಿಯ ದಿನಾಂಕವೂ ಇರುತ್ತದೆ. ಒಳ್ಳೆಯದೇ, ಆದರೆ ಸ್ಟ್ರಿಪ್ ಕತ್ತರಿಸಿದರೆ ಆ ಕೋಡೂ ತುಂಡಾಗುತ್ತದೆ.

ಲೇಬಲ್ ಕಾನೂನು ಕೇಂದ್ರದ ಕೈಯಲ್ಲಿದೆ, ರಾಜ್ಯ ಏನು ಮಾಡಬಲ್ಲುದು ಎಂದು ತಾವು ಕೇಳಬಹುದು. ಮಾಡಬಹುದಾದದ್ದು ಬಹಳಷ್ಟಿದೆ. ಸರ್ಕಾರಿ ಆಸ್ಪತ್ರೆಗಳಿಗೆ ಔಷಧ ಕೊಳ್ಳುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. "ಸರ್ಕಾರಿ ಸರಬರಾಜು, ಮಾರಾಟಕ್ಕಲ್ಲ" ಎಂದು ಪ್ರತಿ ಪೊಟ್ಟಣದ ಮೇಲೆ ಮುದ್ರಿಸಬೇಕೆಂದು ಷರತ್ತು ಹಾಕಬಲ್ಲ ಖರೀದಿದಾರರು, ಪ್ರತಿ ಮಾತ್ರೆಯ ಗುಳಿಯ ಹಿಂದೆ ಅವಧಿಯ ತಿಂಗಳು–ವರ್ಷವನ್ನು ಶಾಯಿಯಲ್ಲಿ ಮುದ್ರಿಸಬೇಕೆಂಬ ಷರತ್ತನ್ನೂ ಟೆಂಡರಿನಲ್ಲಿ ಸೇರಿಸಬಹುದು. ಇದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ. ಬಿಪಿ, ಶುಗರ್ ಮಾತ್ರೆಗಳಿಂದ ಆರಂಭಿಸಿದರೆ ಸಾಕು. ಹಳ್ಳಿಯ ಹಿರಿಯರ ಡಬ್ಬಿಗಳಲ್ಲಿ ಹೆಚ್ಚಾಗಿ ಇರುವುದು ಅವೇ. ಖಾಸಗಿ ಅಂಗಡಿಗಳ ಮಟ್ಟಿಗೆ, ಸ್ಟ್ರಿಪ್ ಕತ್ತರಿಸಿ ಕೊಟ್ಟಾಗ ಮಾತ್ರೆ ಹಾಕಿಕೊಡುವ ಕಾಗದದ ಕವರಿನ ಮೇಲೆ ಔಷಧದ ಹೆಸರು ಮತ್ತು ಅವಧಿಯನ್ನು ಪೆನ್ನಿನಲ್ಲಿ ಬರೆದುಕೊಡಬೇಕೆಂದು ಔಷಧ ನಿಯಂತ್ರಣ ಅಧಿಕಾರಿಗಳು ಸುತ್ತೋಲೆ ಹೊರಡಿಸಲಿ. ಬಿಲ್ ಕೇಳಿದವರಿಗೆ ಅದರಲ್ಲಿ ಈ ವಿವರ ಸಿಗುತ್ತದೆ ನಿಜ, ಆದರೆ ನಾಲ್ಕು ಮಾತ್ರೆಗೆ ಬಿಲ್ ಕೇಳುವವರು ಎಷ್ಟು ಜನ?

ಇನ್ನು ತಿಳಿವಳಿಕೆಯ ವಿಷಯ. ಗೃಹ ಆರೋಗ್ಯ ಯೋಜನೆಯಡಿ ಸಿಬ್ಬಂದಿ ಮನೆಬಾಗಿಲಿಗೆ ಹೋಗಿ ರಕ್ತದೊತ್ತಡ, ಸಕ್ಕರೆ ಅಳೆಯುತ್ತಿದ್ದಾರೆ. ಅದೇ ಭೇಟಿಯಲ್ಲಿ "ನಿಮ್ಮ ಮಾತ್ರೆ ಡಬ್ಬಿ ತೋರಿಸ್ರಿ" ಎಂದು ಕೇಳುವ ಒಂದು ಹೆಜ್ಜೆಯನ್ನು ಸೇರಿಸಿದರೆ, ಅವಧಿ ಮುಗಿದದ್ದು, ಹೆಸರಿಲ್ಲದ್ದು, ಎರಡು ಬ್ರ್ಯಾಂಡಿನ ಹೆಸರಿನಲ್ಲಿ ಎರಡೆರಡು ಸಲ ನುಂಗುತ್ತಿರುವ ಒಂದೇ ಔಷಧ, ಎಲ್ಲವೂ ಅಲ್ಲಿಯೇ ಹೊರಬೀಳುತ್ತವೆ. 104 ಆರೋಗ್ಯ ಸಹಾಯವಾಣಿಯಲ್ಲಿ ಈ ಪ್ರಶ್ನೆಗೆ ಔಷಧವಾರು ಉತ್ತರ ಕೊಡಲು ಫಾರ್ಮಸಿಸ್ಟ್ ಒಬ್ಬರು ಇರಲಿ. ಮೇಲೆ ಹೇಳಿದ ವಿಷಯವನ್ನೆಲ್ಲ ಒಂದು ಪುಟದ ಕನ್ನಡ ಭಿತ್ತಿಪತ್ರದಲ್ಲಿ, ದಪ್ಪ ಅಕ್ಷರದಲ್ಲಿ, ಚಿತ್ರಗಳೊಂದಿಗೆ ಮುದ್ರಿಸಿ ಪ್ರತಿ ಔಷಧ ವಿತರಣಾ ಕಿಟಕಿಯ ಪಕ್ಕದಲ್ಲಿ ಹಚ್ಚಬಹುದು. ಅದರಲ್ಲಿ ಒಂದು ಸಾಲು ಇರಲೇಬೇಕು: ಎದೆನೋವು, ಫಿಟ್ಸ್, ಉಸಿರುಗಟ್ಟುವ ಅಲರ್ಜಿ ಇಂಥ ತುರ್ತು ಹೊತ್ತಿನಲ್ಲಿ ಡಬ್ಬಿ ಕೆದಕುತ್ತ ಹೊತ್ತು ಕಳೆಯದೆ ಮೊದಲು 108ಕ್ಕೆ ಕರೆ ಮಾಡಿ, ಮನೆಯಲ್ಲಿರುವ ಔಷಧದ ಅವಧಿ ಮುಗಿದಿದ್ದರೆ ಅದನ್ನು ಅವರಿಗೇ ತಿಳಿಸಿ, ಅವರು ಹೇಳಿದಂತೆ ನಡೆಯಿರಿ.

"ಎಸೆಯಿರಿ" ಎನ್ನುವವರು ಎಲ್ಲಿ ಎಸೆಯಬೇಕೆಂದು ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಅವಧಿ ಮುಗಿದ ಔಷಧವನ್ನು ಪ್ರತ್ಯೇಕ ಕಪಾಟಿನಲ್ಲಿಟ್ಟು, ರಿಜಿಸ್ಟರಿನಲ್ಲಿ ಬರೆದು, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಹಳದಿ ವರ್ಗದ (ಹಳದಿ ಚೀಲಕ್ಕೆ ಹಾಕುವ) ತ್ಯಾಜ್ಯವಾಗಿ ತಯಾರಕರಿಗೆ ಹಿಂದಿರುಗಿಸುತ್ತೇವೆ ಅಥವಾ ಸುಡಲು ಕಳುಹಿಸುತ್ತೇವೆ. ಅಂಗಡಿಯವರೂ ಅವಧಿ ಮುಗಿದದ್ದನ್ನು ಮಾರಾಟದ ದಾಸ್ತಾನಿನಿಂದ ಬೇರ್ಪಡಿಸಿ ವಿತರಕರಿಗೆ ವಾಪಸ್ ಮಾಡುತ್ತಾರೆ. ಮನೆಯವರಿಗೆ ಮಾತ್ರ ಇಂಥ ದಾರಿ ಇಲ್ಲ. ಅದೇ ವರ್ಷದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಅವಧಿ ಮುಗಿದ ಔಷಧವನ್ನು ಮನೆಯ ಅಪಾಯಕಾರಿ ತ್ಯಾಜ್ಯವೆಂದು ಹೆಸರಿಸಿದ್ದರೂ, ಅದನ್ನು ಬೇರೆಯಾಗಿ ಪಡೆಯುವ ಗಾಡಿಯನ್ನು ನಮ್ಮ ಊರಿನಲ್ಲಿ ನಾನು ಕಂಡಿಲ್ಲ. ಹಾಗಾಗಿ ಮಾತ್ರೆ ತಿಪ್ಪೆಗೆ ಹೋಗುತ್ತದೆ, ಸಿರಪ್ ಬಚ್ಚಲಿಗೆ ಹೋಗುತ್ತದೆ. ತಿಪ್ಪೆಗೆ ಹೋದದ್ದು ಅಲ್ಲಿಯೇ ಉಳಿಯುತ್ತದೆಂಬ ಭರವಸೆಯೂ ಇಲ್ಲ. 2010ರಲ್ಲಿ ಚೆನ್ನೈನಲ್ಲಿ ಅವಧಿ ಮುಗಿದ ಔಷಧಗಳಿಗೆ ಹೊಸ ದಿನಾಂಕ ಹಾಕಿ ಮತ್ತೆ ಮಾರುಕಟ್ಟೆಗೆ ಬಿಡುತ್ತಿದ್ದ ಜಾಲವೇ ಸಿಕ್ಕಿಬಿದ್ದಿತ್ತು.

ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯು 2025ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 17 ಔಷಧಗಳನ್ನು, ಬಹುಪಾಲು ಫೆಂಟಾನಿಲ್, ಮಾರ್ಫಿನ್, ಟ್ರಮಡಾಲ್‌ನಂಥ ತೀವ್ರ ನೋವುನಿವಾರಕಗಳನ್ನು, ಮನೆಯಲ್ಲಿ ಉಳಿಸದೆ ಶೌಚಾಲಯದಲ್ಲಿ ಸುರಿದು ನೀರು ಹಾಕಬೇಕೆಂದು ಹೇಳಿದೆ. ಮಗುವೊಂದು ಆಕಸ್ಮಿಕವಾಗಿ ನುಂಗಿದರೆ ಒಂದೇ ಡೋಸ್ ಪ್ರಾಣಕ್ಕೆ ಕುತ್ತಾಗಬಲ್ಲ ಔಷಧಗಳಿವು. ಕ್ಯಾನ್ಸರ್ ರೋಗಿಯೊಬ್ಬರು ತೀರಿಕೊಂಡ ಮನೆಯಲ್ಲಿ ಉಳಿದ ಮಾರ್ಫಿನ್ ಮಾತ್ರೆಗಳ ಬಗ್ಗೆ ಆ ಕುಟುಂಬಕ್ಕೆ ಇದನ್ನು ತಿಳಿಸುವವರು ಯಾರು? ಉಳಿದ ಔಷಧಗಳಿಗೆ ಸುರಿಯುವ ಪದ್ಧತಿ ಸಲ್ಲದು. ಅವನ್ನು ಹಿಂಪಡೆಯುವ ವ್ಯವಸ್ಥೆ ಬೇಕು. ನೆರೆಯ ಕೇರಳದ ಔಷಧ ನಿಯಂತ್ರಣ ಇಲಾಖೆ 2025ರಲ್ಲಿ ಕೋಯಿಕ್ಕೋಡ್ ನಗರದಲ್ಲಿಯೂ ಉಳ್ಳಿಯೇರಿ ಪಂಚಾಯಿತಿಯಲ್ಲಿಯೂ ‘ಎನ್‌ಪ್ರೌಡ್’ ಹೆಸರಿನಲ್ಲಿ ಮನೆಗಳ ಹಳೆಯ ಔಷಧ ಸಂಗ್ರಹಿಸಿ ವೈಜ್ಞಾನಿಕವಾಗಿ ಸುಡುವ ಕೆಲಸ ಆರಂಭಿಸಿತು. ನಮ್ಮಲ್ಲಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಹಳದಿ ಚೀಲ ಈಗಾಗಲೇ ಇದೆ, ಅದನ್ನು ಒಯ್ಯುವ ವಾಹನ ಈಗಾಗಲೇ ಬರುತ್ತದೆ. ಕಿಟಕಿಯ ಬಳಿ ಬೀಗ ಹಾಕಿದ ಒಂದು ಪೆಟ್ಟಿಗೆ ಇಟ್ಟು, ಅದರಲ್ಲಿ ಬಿದ್ದದ್ದನ್ನು ಫಾರ್ಮಸಿ ಅಧಿಕಾರಿಯ ಸಹಿಯೊಂದಿಗೆ ಆ ಚೀಲಕ್ಕೆ ಸೇರಿಸುವ ಒಂದು ಆದೇಶ ಹೊರಟರೆ ಸಾಕಲ್ಲವೇ? ಹೆಚ್ಚುವರಿ ತೂಕಕ್ಕೆ ತ್ಯಾಜ್ಯ ಸಂಸ್ಥೆ ಹಣ ಕೇಳುತ್ತದೆಂಬ ಆಕ್ಷೇಪ ಬರುತ್ತದೆಂದು ನನಗೆ ಅನುಭವದಿಂದ ಗೊತ್ತು. ಅದನ್ನು ಆಸ್ಪತ್ರೆ ಮಟ್ಟದ ಆರೋಗ್ಯ ರಕ್ಷಾ ಸಮಿತಿಯ ನಿಧಿಯಿಂದ ಭರಿಸಲು ಅನುಮತಿ ಕೊಟ್ಟರೆ ಆ ಮಾತೂ ಮುಗಿಯುತ್ತದೆ.

ಭಿತ್ತಿಪತ್ರದ ಕರಡನ್ನು ಸಿದ್ಧಪಡಿಸಲು ಸಮಿತಿ ರಚಿಸಿ ಒಂದು ವರ್ಷ ಕಳೆಯಬೇಕಾಗಿಲ್ಲ. ರಾಜ್ಯದ ಪ್ರತಿ ಜಿಲ್ಲೆಯಲ್ಲೂ ನಿವೃತ್ತ ಫಾರ್ಮಸಿ ಅಧಿಕಾರಿಗಳಿದ್ದೇವೆ. ಸಂಭಾವನೆಯಿಲ್ಲದೆ ಬರೆದುಕೊಡಲು ನಾನಂತೂ ಸಿದ್ಧ. ಇಲಾಖೆಯ ತಜ್ಞ ವೈದ್ಯರು ಅದನ್ನು ತಿದ್ದಿ ಅನುಮೋದಿಸಲಿ. ಮಾರ್ಚ್ ತಿಂಗಳ ಬಿಸಿಲು ಏರುವ ಮುನ್ನ ಅದು ಕಲ್ಯಾಣ ಕರ್ನಾಟಕದ ಆಸ್ಪತ್ರೆಗಳ ಗೋಡೆಗೆ ಬರುವಂತೆ ತಾವು ದಯವಿಟ್ಟು ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಫಾರ್ಮಸಿ ಅಧಿಕಾರಿ,
ರಾಯಚೂರು ಜಿಲ್ಲೆ

ಪ್ರತಿ: ರಾಜ್ಯ ಔಷಧ ನಿಯಂತ್ರಕರು, ವ್ಯವಸ್ಥಾಪಕ ನಿರ್ದೇಶಕರು, ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ನಿಯಮಿತ.